ಬಿದ್ದ ಎಲೆ ತಿನ್ನುವ ಹುಳು

ಗರ್ಹಾ ಕಾರ್ನಿಯಾ ಅಂತ ಒಂದು ಪತಂಗ ಇದೆ. ರೆಕ್ಕೆ ಬಿಚ್ಚಿದರೆ ಎರಡು ಸೆಂಟಿಮೀಟರ್ ಇದ್ದೀತು. ನಸುಗೆಂಪು ಬೆರೆತ ಮಣ್ಣಿನ ಬಣ್ಣ, ಮೇಲೆ ಅಲ್ಲೊಂದು ಇಲ್ಲೊಂದು ಸಣ್ಣ ಚುಕ್ಕಿ. ಆಸ್ಟ್ರೇಲಿಯಾದ ಪೂರ್ವ ಮತ್ತು ದಕ್ಷಿಣ ಭಾಗದಲ್ಲಿ, ನಾನಿರುವ ಕ್ಯಾನ್‌ಬೆರಾ ಸೇರಿ, ಇದರ ವಾಸ. 1855ರಲ್ಲೇ ಜರ್ಮನಿಯ ಫಿಲಿಪ್ ಜೆಲ್ಲರ್ ಇದಕ್ಕೆ ಹೆಸರಿಟ್ಟಿದ್ದಾರೆ. ಆದರೂ ಇದನ್ನು ನಿಂತು ನೋಡಿದವರು ಕಡಿಮೆ, ಯಾಕೆಂದರೆ ನೋಡುವಂಥ ಬಣ್ಣವೂ ಇಲ್ಲ, ಬೆಳೆ ಹಾಳು ಮಾಡುವ ಕೆಟ್ಟ ಹೆಸರೂ ಇಲ್ಲ. ನನಗೆ ಇದರ ಮೇಲೆ ಇಷ್ಟೊಂದು ಅಕ್ಕರೆ ಬಂದದ್ದು ಇದರ ಮರಿಹುಳುವಿನ ಊಟದಿಂದ. ಅದು ನೀಲಗಿರಿ ಮರದ ಎಲೆ ತಿಂದು ಬೆಳೆಯುತ್ತದೆ. ಮರದ ಮೇಲಿರುವ ಹಸಿರೆಲೆ ಅಲ್ಲ, ಉದುರಿ ನೆಲಕ್ಕೆ ಬಿದ್ದು ಒಣಗಿ ಗರಿಗರಿಯಾದ ಎಲೆ.

ಇದು ನನಗೆ ಯಾಕೆ ಅಷ್ಟು ದೊಡ್ಡ ವಿಷಯ ಎಂದು ಹೇಳಬೇಕಾದರೆ ನಮ್ಮ ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಬೆಳೆದದ್ದು ಶಿಡ್ಲಘಟ್ಟದ ಕಡೆ, ರೇಷ್ಮೆ ಸಾಕುವ ಮನೆಯಲ್ಲಿ. ಅಲ್ಲಿ ಮಕ್ಕಳಿಗೆ ಮೊದಲು ಬರುವ ಪಾಠವೇ ಸೊಪ್ಪಿನದು. ಬೆಳಗಿನ ತಂಪಿನಲ್ಲಿ ಕೊಯ್ದು ತರಬೇಕು. ತಂದ ತಕ್ಷಣ ಒದ್ದೆ ಗೋಣಿಚೀಲ ಹೊದಿಸಬೇಕು. ಚಾಕಿ ಹುಳಕ್ಕೆ, ಅಂದರೆ ಮೊಟ್ಟೆಯೊಡೆದ ಎಳೆ ಹುಳಕ್ಕೆ, ತುದಿಯ ಎಳೆ ಸೊಪ್ಪು, ಸಣ್ಣಗೆ ಹೆಚ್ಚಿ ಹಾಕಬೇಕು. ದೊಡ್ಡ ಹುಳಕ್ಕೆ ಬಲಿತ ಸೊಪ್ಪು. ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಸುಮ್ಮನೆ ಕೂತಾಗ, ಹಾಕಬಾರದು, ಜ್ವರ ಬಿಟ್ಟು ಎದ್ದ ಮೇಲೆ ತಡ ಮಾಡಬಾರದು. ಸೊಪ್ಪು ಸ್ವಲ್ಪ ಬಾಡಿತು ಅಂದರೆ ಹುಳ ಅದರ ಮೇಲೆ ಹತ್ತಿ ಆಚೀಚೆ ತಲೆ ಆಡಿಸಿ ಸುಮ್ಮನಾಗುತ್ತದೆ. "ಬಾಡಿದ್ದು ಹಾಕಬೇಡ ಕಣಮ್ಮ, ಗೂಡು ತೆಳ್ಳಗಾಗ್ತೈತೆ" ಅಂತ ಅಮ್ಮ ಹೇಳದ ದಿನ ಇಲ್ಲ. ಮೊಟ್ಟೆ ಒಡೆದು ಇಪ್ಪತ್ತೈದು ದಿನದ ಆಸುಪಾಸಿಗೆ ಹುಳ ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ತಟ್ಟೆಯಾದ ಚಂದ್ರಂಕಿ ಹತ್ತಬೇಕು, ಅಷ್ಟರೊಳಗೆ ಮನೆಮಂದಿಯೆಲ್ಲ ಹೊತ್ತುಹೊತ್ತಿಗೆ ಹಸಿ ಸೊಪ್ಪು ಒದಗಿಸುತ್ತಲೇ ಇರಬೇಕು.

ಹೀಗೆ ಬೆಳೆದವಳಿಗೆ, ಒಣಗಿದ ಎಲೆಯೇ ಅನ್ನವಾದ ಹುಳು ಇದೆ ಎಂದರೆ ಹೇಗಿರಬೇಡ!

ಕ್ಯಾನ್‌ಬೆರಾದಲ್ಲಿ ಬ್ಲ್ಯಾಕ್ ಮೌಂಟನ್ ಅಂತ ಒಂದು ಗುಡ್ಡ ಇದೆ. ಊರಿನ ನಡುವೆಯೇ ಕಾಡು. ಅದರ ತುಂಬಾ ನೀಲಗಿರಿಯ ಜಾತಿಗಳು, ತೊಗಟೆ ಮೇಲೆ ಗೀಚಿದ ಹಾಗೆ ಗೆರೆಗಳಿರುವ ಸ್ಕ್ರಿಬ್ಲಿ ಗಮ್, ನಾರುನಾರಾದ ತೊಗಟೆಯ ಸ್ಟ್ರಿಂಗಿಬಾರ್ಕ್. ವರ್ಷಪೂರ್ತಿ ಹಸಿರಾಗಿರುವ ಮರಗಳಿವು, ಆದರೆ ಬೇಸಿಗೆಯಲ್ಲಿ ಎಲೆ ಜಾಸ್ತಿ ಉದುರುತ್ತದೆ. ಮರದ ಬುಡದಲ್ಲಿ ಕೂತು ಆ ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡುವುದು ನನ್ನ ರಜಾದಿನದ ಕೆಲಸ. ಬಹಳ ಎಲೆಗಳಲ್ಲಿ ಏನೂ ಇರುವುದಿಲ್ಲ. ನಡುವೆ ಒಂದು ಎತ್ತಿದರೆ ಅದರ ಜೊತೆಗೆ ಇನ್ನೊಂದು ಎಲೆಯೂ ಅಂಟಿಕೊಂಡೇ ಬರುತ್ತದೆ. ಮೆಲ್ಲಗೆ ಬಿಡಿಸಿದರೆ ನಡುವೆ ಬಿಳಿ ನೂಲು. ರೇಷ್ಮೆಯೇ ಅದು, ಹುಳುವಿನ ಬಾಯಿಂದ ಬಂದದ್ದೇ, ಎಲೆಗೆ ಎಲೆ ಹೊಲಿದುಕೊಂಡಿರುತ್ತದೆ. ನೂಲಿನ ಸುತ್ತ ಗಸಗಸೆಯಷ್ಟು ಸಣ್ಣ, ಒಣಗಿದ ಕಂದು ಹಿಕ್ಕೆ. ಎಲೆಯ ಒಳಮೈಯನ್ನು ಕೆರೆದು ತಿಂದು, ಆಚೆ ಬದಿಯ ತೆಳು ಸಿಪ್ಪೆಯನ್ನು ಹಾಗೇ ಬಿಟ್ಟಿರುತ್ತದೆ, ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ ನರಗಳ ಬಲೆ ಮಾತ್ರ ಕಾಣುತ್ತದೆ. ಬೆಳಕು ಬಿದ್ದ ಕೂಡಲೇ ಹುಳು ಹಿಂದಕ್ಕೆ ಸರಸರ ಓಡಿ ಇನ್ನೊಂದು ಮಡಿಕೆಯಲ್ಲಿ ಸೇರಿಕೊಳ್ಳುತ್ತದೆ. ರೇಷ್ಮೆ ಹುಳ ಐದು ಸಾವಿರ ವರ್ಷ ಮನುಷ್ಯರ ಕೈಯಲ್ಲಿ ಬೆಳೆದು ಓಡುವುದನ್ನೇ ಮರೆತಿದೆ. ಇದು ಮರೆತಿಲ್ಲ.

ಗರ್ಹಾ ಕುಲದ ಹುಳುಗಳೂ ಹೀಗೆ ಎಲೆ ತುಂಡುಗಳ ನಡುವೆಯೇ ಬಾಳುವಂಥವು. ಇದರ ಬಂಧುಗಳಲ್ಲಿ ಕೆಲವು ಒಣ ಎಲೆಯಿಂದ ತುಂಡು ಕತ್ತರಿಸಿ, ಮೇಲೊಂದು ಕೆಳಗೊಂದು ಇಟ್ಟು ಅಂಚು ಹೊಲಿದು, ಆ ಮನೆಯನ್ನೇ ಹೊತ್ತುಕೊಂಡು ಓಡಾಡುತ್ತವೆ. ಮನೆಯೂ ಒಣ ಎಲೆ, ಊಟವೂ ಒಣ ಎಲೆ. ಹಕ್ಕಿ ಮೇಲಿಂದ ನೋಡಿದರೆ ಕಾಣುವುದು ಬಿದ್ದಿರುವ ಇನ್ನೊಂದು ಎಲೆ ಚೂರು, ಅಷ್ಟೇ.

ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಒಣಗಿದ ಎಲೆಯಾಗೆ ಏನೈತೆ ಅಂತ ತಿಂತಾವಮ್ಮ?" ಹುಳ ಸಾಕಿದವರು ಕೇಳಬೇಕಾದ ಪ್ರಶ್ನೆಯೇ ಅದು. ನಿಜಕ್ಕೂ ಅದರಲ್ಲಿ ಹೆಚ್ಚೇನೂ ಇಲ್ಲ. ಮರ ಎಲೆಯನ್ನು ಸುಮ್ಮನೆ ಉದುರಿಸುವುದಿಲ್ಲ. ಉದುರಿಸುವ ಮುಂಚೆ ಅದರಲ್ಲಿರುವ ಸಾರಜನಕ, ರಂಜಕದಲ್ಲಿ ಎಷ್ಟೋ ಭಾಗವನ್ನು ವಾಪಸ್ ಎಳೆದುಕೊಳ್ಳುತ್ತದೆ. ಆಸ್ಟ್ರೇಲಿಯಾದ ಮಣ್ಣು ಮೊದಲೇ ಬಡ, ರಂಜಕ ತೀರಾ ಕಡಿಮೆ, ಅಂಥ ನೆಲದಲ್ಲಿ ಮರ ಒಂದು ಚೂರನ್ನೂ ಬಿಡಲು ಒಪ್ಪುವುದಿಲ್ಲ. ಉಳಿಯುವುದು ನಾರು, ಅದನ್ನು ಗಟ್ಟಿ ಮಾಡುವ ಲಿಗ್ನಿನ್, ಒಗರಿನ ಟ್ಯಾನಿನ್, ಜೊತೆಗೆ ಅಷ್ಟಿಷ್ಟು ಎಣ್ಣೆ. ಇಂಥದ್ದನ್ನು ತಿಂದು ಬೇಗ ಬೆಳೆಯುವುದು ಸಾಧ್ಯವೇ ಇಲ್ಲ. ಅದಕ್ಕೇ ಈ ಹುಳುಗಳು ನಿಧಾನ. ತಿಂಗಳುಗಟ್ಟಲೆ ತಿನ್ನುತ್ತವೆ, ಬಹಳಷ್ಟು ಜಾತಿಗಳಲ್ಲಿ ವರ್ಷಕ್ಕೆ ಒಂದೇ ತಲೆಮಾರು. ಇದರಲ್ಲಿ ಶಿಲೀಂಧ್ರಗಳ ಪಾಲೂ ಇದೆ. ನೆಲಕ್ಕೆ ಬಿದ್ದ ಎಲೆಯಲ್ಲಿ ಕಣ್ಣಿಗೆ ಕಾಣದ ಬೂಷ್ಟು ಬೆಳೆಯುತ್ತದೆ, ಗಟ್ಟಿ ನಾರನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ. ಎಲೆ ತಿನ್ನುವ ಹುಳು ಎಲೆಯ ಜೊತೆ ಆ ಬೂಷ್ಟನ್ನೂ ತಿನ್ನುತ್ತದೆ.

ಅಮ್ಮ ಎಲ್ಲ ಕೇಳಿ, "ಹಂಗಾದ್ರೆ ಅವಕ್ಕೆ ಸೊಪ್ಪು ಕೊಯ್ಯೋ ಕಷ್ಟ ಇಲ್ಲ ಬಿಡು" ಅಂದರು.

ಕಷ್ಟ ಇಲ್ಲ, ಪೈಪೋಟಿಯೂ ಕಡಿಮೆ. ಹಸಿರೆಲೆ ತಿನ್ನಲು ಜೀರುಂಡೆ, ಗರಗಸದ ನೊಣ ಎಂಬ ಕೀಟದ ಮರಿಹುಳು, ಮರದ ಮೇಲೆ ಬಾಳುವ ಪೋಸಮ್, ಕೋಲಾದಂಥ ಪ್ರಾಣಿಗಳು ಎಲ್ಲ ಇವೆ. ಬಿದ್ದ ಎಲೆ ಮಾತ್ರ ವರ್ಷವಿಡೀ ಬೀಳುತ್ತಲೇ ಇರುತ್ತದೆ, ಒಣ ಹವೆಯಲ್ಲಿ ಬೇಗ ಕೊಳೆಯುವುದೂ ಇಲ್ಲ. ಈ ಖಾಲಿ ಜಾಗಕ್ಕೆ ಬಂದು ಕೂತದ್ದು ಈಕೋಫೊರಿಡೇ ಎಂಬ ಪತಂಗಗಳ ಕುಟುಂಬ, ನಮ್ಮ ಗರ್ಹಾ ಕೂಡ ಅದರದ್ದೇ. ಪ್ರಪಂಚದ ಬೇರೆ ಕಡೆ ಇದು ಸಾಧಾರಣ ಗಾತ್ರದ ಕುಟುಂಬ. ಆಸ್ಟ್ರೇಲಿಯಾದಲ್ಲಿ ಮಾತ್ರ ಐದು ಸಾವಿರಕ್ಕೂ ಹೆಚ್ಚು ಜಾತಿಗಳು ಇರಬಹುದು ಎಂಬ ಅಂದಾಜಿದೆ. ಅಂದರೆ ಆ ಖಂಡದ ಪತಂಗ ಜಾತಿಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು. ಅದರಲ್ಲಿ ಅರ್ಧದಷ್ಟಕ್ಕೆ ಇನ್ನೂ ಹೆಸರಿಲ್ಲ. ಈ ಹುಳುಗಳಲ್ಲಿ ಹೆಚ್ಚಿನವುಗಳ ನಂಟು ನೀಲಗಿರಿ ಮತ್ತು ಅದರ ಬಂಧು ಮರಗಳ ಜೊತೆ, ಅದರಲ್ಲೂ ಬಿದ್ದ ಎಲೆಗಳ ಜೊತೆ. ಏಳುನೂರಕ್ಕೂ ಹೆಚ್ಚು ಜಾತಿಯ ನೀಲಗಿರಿ ಮರಗಳು, ಅವುಗಳ ಕೆಳಗೆ ಸಾವಿರಗಟ್ಟಲೆ ಜಾತಿಯ ಹುಳುಗಳು!

ಈ ಲೆಕ್ಕವನ್ನು ಬಿಡಿಸಿ ನೋಡಿದವರು ಇಯಾನ್ ಕಾಮನ್. 1917ರಲ್ಲಿ ಕ್ವೀನ್ಸ್‌ಲ್ಯಾಂಡಿನ ಟುವೂಂಬಾದಲ್ಲಿ ಹುಟ್ಟಿದವರು. ಕ್ಯಾನ್‌ಬೆರಾದ ರಾಷ್ಟ್ರೀಯ ಕೀಟ ಸಂಗ್ರಹದಲ್ಲಿ ಕೆಲಸ ಮಾಡಿದರು, ಆ ಸಂಗ್ರಹ ಇರುವುದೂ ಇದೇ ಬ್ಲ್ಯಾಕ್ ಮೌಂಟನ್ ಬುಡದಲ್ಲಿ, ಈಗ ಅಲ್ಲಿ 1.2 ಕೋಟಿಗೂ ಹೆಚ್ಚು ಕೀಟಗಳಿವೆ. ಆಸ್ಟ್ರೇಲಿಯಾದಲ್ಲಿ ಈ ಒಂದು ಕುಟುಂಬ ಮಾತ್ರ ಯಾಕೆ ಹೀಗೆ ಹಬ್ಬಿದೆ ಎಂಬ ಪ್ರಶ್ನೆಗೆ, ನೀಲಗಿರಿಯ ಬಿದ್ದ ಎಲೆಯನ್ನು ತಿನ್ನಲು ಕಲಿತದ್ದೇ ಕಾರಣ ಎಂದು 1980ರಲ್ಲಿ ವಾದಿಸಿ ಬರೆದರು. ಮರುವರ್ಷ ನಿವೃತ್ತರಾದರು. ನಿವೃತ್ತಿ ಆದ ಮೇಲೆ ಶುರುವಾಯಿತು ನೋಡಿ ದೊಡ್ಡ ಕೆಲಸ. ಈ ಕುಟುಂಬದ ಕುಲಗಳನ್ನೆಲ್ಲ ಒಂದೊಂದಾಗಿ ವಿವರಿಸಿ ಮೂರು ಸಂಪುಟ ಬರೆದರು. ಮೊದಲನೆಯದು 1994, ಎರಡನೆಯದು 1997, ಕೊನೆಯದು 2000. ಆಗ ಅವರಿಗೆ 83 ವರ್ಷ. ನನ್ನ ಮಟ್ಟಿಗೆ ಆಸ್ಟ್ರೇಲಿಯಾದ ವಿಜ್ಞಾನದಲ್ಲಿ ಇದಕ್ಕಿಂತ ತಾಳ್ಮೆಯ ಕೆಲಸ ಕಂಡಿಲ್ಲ. ಸಣ್ಣ ಕಂದು ಪತಂಗಗಳು, ಒಂದರ ಹಾಗೆ ಇನ್ನೊಂದು, ಬೇರೆ ಬೇರೆ ಎಂದು ಗುರುತಿಸಬೇಕಾದರೆ ಒಳಗಿನ ಅಂಗಗಳನ್ನು ಬಿಡಿಸಿ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು.

ಅವರಿಗಿಂತ ಮುಂಚೆ ಇವುಗಳಿಗೆ ಹೆಸರಿಟ್ಟವರಲ್ಲಿ ಇಬ್ಬರ ವಿಷಯ ಹೇಳಲೇಬೇಕು. ಒಬ್ಬರು ಎಡ್ವರ್ಡ್ ಮೇರಿಕ್, ಇಂಗ್ಲೆಂಡಿನ ಶಾಲಾ ಮೇಷ್ಟ್ರು. 1877ರಿಂದ 1886ರವರೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಪಾಠ ಮಾಡುತ್ತಾ ಸಣ್ಣ ಪತಂಗಗಳನ್ನು ಹಿಡಿದು ವಿವರಿಸಿದರು. ಇನ್ನೊಬ್ಬರು ಬ್ರಿಸ್ಬೇನಿನ ಮಕ್ಕಳ ಡಾಕ್ಟರು, ಆಲ್ಫ್ರೆಡ್ ಜೆಫ್ರಿಸ್ ಟರ್ನರ್. ಡಿಫ್ತೀರಿಯಾಕ್ಕೆ ಆ್ಯಂಟಿಟಾಕ್ಸಿನ್ ಬಳಕೆಯನ್ನು ಆಸ್ಟ್ರೇಲಿಯಾದಲ್ಲಿ ಮೊದಮೊದಲು ಶುರು ಮಾಡಿದವರು. ಮಕ್ಕಳಿಗೆ ಸೀಸದ ವಿಷ ಏರುವ ಬಗ್ಗೆ ಎಚ್ಚರಿಸಿದವರು. ಅಂಥವರು ಬಿಡುವಿನಲ್ಲಿ ಸಾವಿರಗಟ್ಟಲೆ ಪತಂಗಗಳನ್ನು ವಿವರಿಸಿದರು.

ಟರ್ನರ್ ಹೆಸರಿಟ್ಟ ಒಂದು ಕುಲ ಟೆಲಾನೆಪ್ಸಿಯಾ. ಅದರ ಕೆಲವು ಜಾತಿಗಳ ಹುಳುಗಳು ಕೋಲಾ ಮತ್ತು ಪೋಸಮ್‌ನ ಹಿಕ್ಕೆಯ ಒಳಗೆ ಬೆಳೆಯುತ್ತವೆ ಎಂದು 1994ರಲ್ಲಿ ಕಾಮನ್ ಮತ್ತು ಮರಿಯಾನ್ ಹೊರಾಕ್ ತೋರಿಸಿದರು. ಮೊದಲು ಓದಿದಾಗ ವಿಚಿತ್ರ ಅನ್ನಿಸುತ್ತದೆ ಅಲ್ವಾ? ಸ್ವಲ್ಪ ಯೋಚಿಸಿದರೆ ಅದೂ ಅದೇ ಊಟವೇ. ಕೋಲಾ ತಿನ್ನುವುದು ನೀಲಗಿರಿ ಎಲೆ, ಅದರ ಹಿಕ್ಕೆ ಎಂದರೆ ಅಗಿದು ಒತ್ತಿಟ್ಟ ನೀಲಗಿರಿ ಎಲೆ. ಇದೇ ಕುಟುಂಬದ ಇನ್ನೊಂದು ಪತಂಗದ ಹುಳುಗಳು ಉತ್ತರದ ಕೇಪ್ ಯಾರ್ಕ್‌ನಲ್ಲಿ ಗೋಲ್ಡನ್ ಶೋಲ್ಡರ್ಡ್ ಗಿಣಿಯ ಗೂಡಿನಲ್ಲಿರುತ್ತವೆ. ಆ ಗಿಣಿ ಹುತ್ತದ ಒಳಗೆ ಗೂಡು ಕೊರೆಯುತ್ತದೆ, ಹುಳುಗಳು ಮರಿ ಗಿಣಿಗಳ ಹಿಕ್ಕೆ ತಿಂದು ಗೂಡನ್ನು ಚೊಕ್ಕಟವಾಗಿ ಇಡುತ್ತವೆ.

ಬಿದ್ದ ಎಲೆಯ ಮಾತು ಬಂದರೆ ಇಲ್ಲಿಯವರು ಮೊದಲು ಯೋಚಿಸುವುದು ಬೆಂಕಿಯನ್ನು. 2003ರ ಜನವರಿ 18ರಂದು ಕ್ಯಾನ್‌ಬೆರಾಕ್ಕೆ ನುಗ್ಗಿದ ಕಾಡ್ಗಿಚ್ಚಿನಲ್ಲಿ ನಾಲ್ವರು ಸತ್ತರು, ಐನೂರರಷ್ಟು ಮನೆ ಸುಟ್ಟವು. ಹಾಗಾಗಿ ಬೇಸಿಗೆಗೆ ಮುಂಚೆ ಮನೆಯ ಸುತ್ತ, ಸೂರಿನ ದೋಣಿಯಲ್ಲಿ ಸೇರಿದ ಎಲೆ ತೆಗೆಯಿರಿ ಎಂದು ಹೇಳುತ್ತಾರೆ. ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡಿನೊಳಗೆ ಆ ಎಲೆ ಗುಡ್ಡೆಯನ್ನು ತಗ್ಗಿಸುವವರಲ್ಲಿ ಈ ಹುಳುಗಳೂ ಇದ್ದಾವೆ. ಒಂದು ಹುಳು ತಿನ್ನುವುದು ಎಷ್ಟು ಮಹಾ ಅನ್ನಬಹುದು. ಗುಡ್ಡದ ತುಂಬಾ, ಪ್ರತಿ ಮರದ ಬುಡದಲ್ಲಿ, ಹಗಲು ರಾತ್ರಿ ನಡೆಯುವ ಊಟ ಇದು. ಇಡೀ ಎಲೆ ಮಣ್ಣಾಗಲು ವರ್ಷಗಳು ಬೇಕು, ಹುಳುವಿನ ಹಿಕ್ಕೆಯಾಗಿ ಬಿದ್ದದ್ದು ಬೇಗ ಮಣ್ಣಿಗೆ ಸೇರುತ್ತದೆ.

ಈಗ ನಮ್ಮ ಕಡೆಗೆ ಬರುತ್ತೇನೆ. ಯಾಕೆಂದರೆ ನೀಲಗಿರಿ ಎಲೆಯ ಮೇಲೆ ನಡೆದ ಸದ್ದು ನನಗೆ ಹೊಸದಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದವರು ಯಾರಿಗೂ ಹೊಸದಲ್ಲ. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿ ಬೆಟ್ಟದಲ್ಲಿ ಮೊದಲು ನೀಲಗಿರಿ ನೆಟ್ಟರು ಎಂದು ಹೇಳುತ್ತಾರೆ. ಅಲ್ಲಿಂದ ಹಬ್ಬಿದ ತಳಿಗೆ ಮೈಸೂರ್ ಗಮ್ ಎಂದೇ ಹೆಸರಾಯಿತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ರಾಗಿ ಹೊಲಗಳಲ್ಲೂ ನೀಲಗಿರಿ ತೋಪು ಎದ್ದವು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹಾಕಿದರು. ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಜಗಳವೆಲ್ಲ ನೀರಿನ ಸುತ್ತ ನಡೆಯಿತು. ಬೋರ್‌ವೆಲ್ ಸಾವಿರ ಅಡಿ ದಾಟಿದ ಸೀಮೆಯಲ್ಲಿ ಅದು ಸಹಜ. ಎಲೆಯ ಬಗ್ಗೆ ಮಾತಾಡಿದವರು ಕಡಿಮೆ.

ನಾನು ಎಲೆಯ ಬಗ್ಗೆ ಮಾತಾಡಬೇಕು. ನೀಲಗಿರಿ ನಮ್ಮಲ್ಲಿಗೆ ಬಂದದ್ದು ಬೀಜವಾಗಿ. ಸಾಸಿವೆಗಿಂತ ಸಣ್ಣ ಬೀಜ, ಒಂದು ಪೊಟ್ಟಣದಲ್ಲಿ ಇಡೀ ತೋಪು ಹಿಡಿಸುತ್ತದೆ. ಆ ಪೊಟ್ಟಣದಲ್ಲಿ ಬಿದ್ದ ಎಲೆ ಬರಲಿಲ್ಲ, ಎಲೆಯ ನಡುವೆ ನೂಲು ಹೊಲಿದು ಕೂರುವ ಹುಳುಗಳೂ ಬರಲಿಲ್ಲ. ಮರ ಬಂತು, ಮರದ ಕೆಳಗೆ ಲಕ್ಷಾಂತರ ವರ್ಷದಿಂದ ಬಾಳಿದ ಸಂಸಾರ ಅಲ್ಲೇ ಉಳಿಯಿತು. ನಮ್ಮ ಗೆದ್ದಲು ಒಂದಷ್ಟು ತಿನ್ನುತ್ತದೆ, ಶಿಲೀಂಧ್ರ ತನ್ನ ಕೆಲಸ ತಾನು ಮಾಡುತ್ತದೆ, ಆದರೆ ಈ ಎಲೆಯನ್ನೇ ನಂಬಿದ ಸಾವಿರಾರು ಜಾತಿಯ ಹುಳುಗಳಿಲ್ಲ. ಆಸ್ಟ್ರೇಲಿಯಾದಿಂದ ಆಮೇಲೆ ಬಂದು ಸೇರಿದ ಒಂದು ಕೀಟ ಎಂದರೆ ಗಂಟು ಕಣಜ, ಎಲೆಯ ತೊಟ್ಟಿನಲ್ಲಿ, ನರದಲ್ಲಿ ಗಂಟು ಎಬ್ಬಿಸುತ್ತದಲ್ಲ, ಅದು. 2000ದ ನಂತರ ಮಂಡ್ಯದ ಕಡೆ ಕಾಣಿಸಿಕೊಂಡು ದಕ್ಷಿಣದಲ್ಲೆಲ್ಲ ಹಬ್ಬಿತು. ಅದು ಹಸಿರೆಲೆಯ ಗಿರಾಕಿ. ಬಿದ್ದ ಎಲೆಗೆ ಗಿರಾಕಿ ಬರಲೇ ಇಲ್ಲ.

ಹಾಗಾದರೆ ನಮ್ಮ ತೋಪುಗಳಲ್ಲಿ ಆ ತರಗು ಎಲ್ಲಿಗೆ ಹೋಗುತ್ತಿತ್ತು? ನಮ್ಮ ಅಜ್ಜಿಯ ಒಲೆಗೆ. ನಸುಕಿನಲ್ಲಿ ಹೆಂಗಸರು ಪೊರಕೆ, ಗೋಣಿಚೀಲ ಹಿಡಿದು ತೋಪಿಗೆ ಹೋಗಿ ಗುಡಿಸಿ ತುಂಬಿಕೊಂಡು ಬರುತ್ತಿದ್ದರು. ಎಣ್ಣೆ ಅಂಶ ಇರುವ ಎಲೆ, ಬೆಂಕಿ ಸೋಕಿದರೆ ಸಾಕು ಭಗ್ಗೆನ್ನುತ್ತದೆ. ಬಿಸಿನೀರು ಒಲೆಗೆ ಅದಕ್ಕಿಂತ ಬೇಕಾ! ಹುಳುಗಳು ಮಾಡಬೇಕಾದ ಕೆಲಸವನ್ನು ಇಲ್ಲಿ ಪೊರಕೆ ಮಾಡಿತು, ಒಂದು ವ್ಯತ್ಯಾಸದೊಂದಿಗೆ. ಹುಳು ತಿಂದದ್ದು ಅದೇ ಮರದ ಬುಡಕ್ಕೆ ಗೊಬ್ಬರವಾಗುತ್ತದೆ. ಗುಡಿಸಿದ್ದು ಊರಿಗೆ ಬಂದು ಬೂದಿಯಾಗುತ್ತದೆ, ತೋಪಿನ ನೆಲ ವರ್ಷ ವರ್ಷವೂ ಬರಿದಾಗುತ್ತದೆ. ಅಜ್ಜಿಯನ್ನು ದೂರಲು ಇದನ್ನು ಹೇಳುತ್ತಿಲ್ಲ. ಸೌದೆ ಇಲ್ಲದ ಸೀಮೆಯಲ್ಲಿ ಅಡುಗೆ ಮಾಡಿ ಬಡಿಸಿದ ಕೈ ಅದು. ಮರವೊಂದನ್ನು ಬೇರೆ ಖಂಡಕ್ಕೆ ಒಯ್ದು ನೆಟ್ಟಾಗ ಏನೇನನ್ನು ಬಿಟ್ಟು ಬಂದಿದ್ದೇವೆ ಎಂಬ ಪಟ್ಟಿಯಲ್ಲಿ ಈ ಕಂದು ಪತಂಗಗಳನ್ನೂ ಬರೆಯಬೇಕು, ಅಷ್ಟು ಮಾತ್ರ ನನ್ನ ಮಾತು.

ನಮ್ಮಲ್ಲಿ ಬಿದ್ದ ಎಲೆ ತಿನ್ನುವ ಪತಂಗಗಳೇ ಇಲ್ಲ ಎಂದುಕೊಳ್ಳಬೇಡಿ. ಖಂಡಿತ ಇವೆ. ಲೆಸಿಥೊಸೆರಿಡೇ ಅಂತ ಒಂದು ಕುಟುಂಬ, ಉದ್ದ ಮೀಸೆಯ ಸಣ್ಣ ಪತಂಗಗಳು, ದಕ್ಷಿಣ ಮತ್ತು ಆಗ್ನೇಯ ಏಷ್ಯಾವೇ ಇವುಗಳ ತವರು. ಇವುಗಳ ಹುಳುಗಳೂ ಹೆಚ್ಚಾಗಿ ತರಗೆಲೆಯಲ್ಲೇ ಬಾಳುತ್ತವೆ. ಹರ್ಮಿನಿನೇ ಎಂಬ ಇನ್ನೊಂದು ಗುಂಪು ಇದೆ. ಮಳೆಗಾಲದಲ್ಲಿ ಮನೆಯ ಗೋಡೆ ಮೇಲೆ ಕಂದು ಬಣ್ಣದ ತ್ರಿಕೋನದ ಹಾಗೆ ಮೂತಿ ಚಾಚಿ ಕೂತಿರುತ್ತದಲ್ಲ, ಅವುಗಳಲ್ಲಿ ಎಷ್ಟೋ ಈ ಗುಂಪಿನವು. ಕೊಡಗಿನಿಂದ, ಕಾರವಾರದಿಂದ ಹಿಡಿದು ಕಳಿಸಿದ ಸಣ್ಣ ಪತಂಗಗಳಿಗೆ ಇಂಗ್ಲೆಂಡಿನಲ್ಲಿ ಕೂತು ಹೆಸರಿಟ್ಟವರು ಅದೇ ಮೇರಿಕ್ ಮೇಷ್ಟ್ರು. ಹೆಸರೇನೋ ಬಂತು, ರೆಕ್ಕೆಯ ವರ್ಣನೆಯೂ ಬಂತು. ಆದರೆ ಬಹಳಷ್ಟರ ಹುಳು ಯಾವ ಮರದ ಎಲೆ ತಿನ್ನುತ್ತದೆ ಎಂಬ ಕಾಲಂ ಇವತ್ತಿಗೂ ಖಾಲಿ.

ಆ ಕಾಲಂ ತುಂಬಲು ಲ್ಯಾಬ್ ಏನೂ ಬೇಡ. ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಡಬ್ಬಿ ಸಾಕು. ತಳಕ್ಕೆ ಒಂದು ಬೆರಳಿನಷ್ಟು ಮಣ್ಣು, ಮೇಲೆ ಒಂದೇ ಮರದ ಬುಡದಿಂದ ತಂದ ಬಿದ್ದ ಎಲೆ. ಎರಡು ಜಾತಿಯ ಎಲೆ ಬೆರೆಸಬಾರದು, ಬೆರೆಸಿದರೆ ಯಾವುದನ್ನು ತಿಂದಿತು ಎಂದು ಹೇಳಲಾಗುವುದಿಲ್ಲ. ಬಾಯಿಗೆ ತೆಳು ಪಂಚೆ ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಆಗಾಗ ಸ್ವಲ್ಪ ನೀರು ಚಿಮುಕಿಸಿ, ತೊಯ್ದು ಮುದ್ದೆಯಾಗಬಾರದು. ಮರ ಯಾವುದು, ಊರು ಯಾವುದು, ತಾರೀಕು ಏನು, ಇಷ್ಟನ್ನು ಡಬ್ಬಿಯ ಮೇಲೆ ಬರೆಯಿರಿ. ಆಮೇಲೆ ಕಾಯುವುದು. ತಿಂಗಳುಗಳೇ ಹಿಡಿಯಬಹುದು. ಪತಂಗ ಬಂದರೆ ಫೋಟೋ ತೆಗೆದು, ಮರದ ಹೆಸರಿನ ಜೊತೆಗೆ ಐನ್ಯಾಚುರಲಿಸ್ಟ್ ಅಥವಾ ಮಾಥ್ಸ್ (ಪತಂಗಗಳು) ಆಫ್ ಇಂಡಿಯಾ ಎಂಬ ಜಾಲತಾಣಕ್ಕೆ ಕಳಿಸಿ. ಹೊಂಗೆ, ಮಾವು, ಹಲಸು, ನೇರಳೆ, ನಮ್ಮ ಹಿತ್ತಲಲ್ಲಿ ಉದುರುವ ಎಲೆಗೇನು ಬರವೇ?

ಅಮ್ಮನಿಗೆ ಇದನ್ನು ಹೇಳಿ ಒಂದು ಡಬ್ಬಿ ಇಡುತ್ತೀರಾ ಎಂದು ಕೇಳಿದೆ. ಒಪ್ಪಿದರು, ಒಂದು ಷರತ್ತಿನ ಮೇಲೆ. "ಹುಳದ ಮನೆ ಹತ್ರ ಮಾತ್ರ ತರಲ್ಲಮ್ಮ. ಹೊರಗಿನ ಹುಳುವಿಂದ ಏನು ರೋಗ ಬರ್ತೈತೋ ಯಾರಿಗೆ ಗೊತ್ತು. ದನದ ಕೊಟ್ಟಿಗೆ ಪಕ್ಕ ಇಡ್ತೀನಿ." ಸರಿಯಾದ ಮಾತೇ. ಹೊಂಗೆ ಎಲೆಯ ಡಬ್ಬಿ ಈಗ ಕೊಟ್ಟಿಗೆಯ ಗೂಟಕ್ಕೆ ನೇತಾಡುತ್ತಿದೆ, ಇರುವೆ ಹತ್ತದಿರಲಿ ಎಂದು ಹಗ್ಗಕ್ಕೆ ಬೇವಿನೆಣ್ಣೆ ಸವರಿದ್ದಾರೆ. ಮಾವಿನ ಎಲೆಗೆ ಇನ್ನೊಂದು ಡಬ್ಬಿ ಹುಡುಕುತ್ತಿದ್ದಾರಂತೆ.